ಹನ್ನೊಂದನೆಯ ವಾರ

ಹಾಸನದ ರೈಲು ನಿಲ್ದಾಣದ ಹಳದಿ ಹಲಗೆ
ಸಮುದ್ರದಿಂದ ನಾವೆಷ್ಟು ಎತ್ತರ ಎಂದು
ಮೀಟರಿನ ಲೆಕ್ಕ ಬರೆದುಕೊಂಡು ನಿಂತಿದೆ.
ಅಷ್ಟೆತ್ತರಕ್ಕೆ, ಪೆನ್‌ಷನ್ ಮೊಹಲ್ಲಾದ ಎರಡನೇ ಮಹಡಿಗೆ
ಚೀಲದ ಉಪ್ಪು ಕದಡಿ
ಇನ್ನೂರು ಲೀಟರು ಕಡಲು ಏರಿಸಿದವಳು ನಾನು.

ಮೊದಲ ತಪ್ಪೂ ನನ್ನದೇ.
ಹಗಲೆಲ್ಲ ಡಯಾಲಿಸಿಸ್ ಯಂತ್ರಗಳ ನಡುವೆ ಓಡಾಡುತ್ತ
ನೀರು ಎಷ್ಟು ಶುದ್ಧವಿರಬೇಕೆಂದು
ಹೊಸ ಹುಡುಗರಿಗೆ ಪಾಠ ಹೇಳುವವಳು
ಮನೆಗೆ ಬಂದು ನಲ್ಲಿಯ ಹೇಮಾವತಿಯನ್ನೇ ಹಿಡಿದು ಸುರಿದೆ.
ಫಿಲ್ಟರಿನ ತೊಟತೊಟ ಹನಿಗೆ ಯಾರು ಕಾಯುತ್ತಾರೆ,
ಅಂಗಡಿಯವನಿಗೆ ಹವಳ ಹೇಳಿಟ್ಟಾಗಿತ್ತು.

ಮೂರನೇ ವಾರ ಕಂದು ಧೂಳು.
ಬಿಳಿ ಮರಳಿನ ಮೇಲೆ ಯಾರೋ
ಕಾಫಿ ಗಸಿ ಚೆಲ್ಲಿ ಒರೆಸದೆ ಹೋದ ಹಾಗೆ.
ಹೋಗುತ್ತದೆ, ಎಂದರು ತಿಳಿದವರು. ಹೋಯಿತು.
ಹೋದದ್ದು ಜಾಗ ಬಿಟ್ಟುಕೊಡಲಿಕ್ಕೆ.
ಆರನೇ ವಾರ ಹಸಿರು ಕೂದಲು,
ಕಲ್ಲಿಗೆ, ಪಂಪಿನ ಮೂತಿಗೆ, ಬಸವನಹುಳುವಿನ ಬೆನ್ನಿಗೂ.
ಮೇಯಲೆಂದು ತಂದವನೇ
ಹುಲ್ಲು ಹೊತ್ತು ತಿರುಗುತ್ತಿದ್ದ.

ಹಳೆ ಟೂತ್‌ಬ್ರಷ್ಷು, ಮೊಣಕೈತನಕ ಉಪ್ಪು.
ರಾತ್ರಿ ಹನ್ನೊಂದಕ್ಕೆ ಒಂದೊಂದೇ ಎಳೆ ಹಿರಿದು
ಬಕೆಟ್ಟಿಗೆ ಹಾಕುತ್ತಿದ್ದರೆ
ನನ್ನ ತಲೆಯಲ್ಲಿ ಹೇನು ಹುಡುಕುತ್ತಿದ್ದ ನಾನಿಯ ನೆನಪು,
ಅವರದೇ ಬೈಗುಳ ನನ್ನ ಬಾಯಲ್ಲಿ.
ವಾರ ಕಳೆದರೆ ಮತ್ತೆ ಬೆರಳುದ್ದ.

ಮಂಗಳ, ಗುರು, ಶನಿ. ನಾಲ್ಕನೇ ಮಂಚ. ಜವರಯ್ಯ.
ನಗರಸಭೆಯ ವಾಟರ್‌ಮನ್ ಆಗಿ ಮೂವತ್ತು ವರ್ಷ
ಊರ ಓವರ್‌ಹೆಡ್ ಟ್ಯಾಂಕುಗಳೊಳಗೆ ಇಳಿದು
ಪೊರಕೆಯಲ್ಲಿ ಉಜ್ಜಿದವರು.
ಈಗ ದಿನಕ್ಕೆ ನಾಲ್ಕೇ ಲೋಟ ನೀರು,
ಹಾಲಿಲ್ಲ, ಕಡಲೆಬೀಜವಿಲ್ಲ,
ಊಟದ ಜೊತೆ ಫಾಸ್ಫೇಟು ಕಟ್ಟಿಹಾಕುವ ಮಾತ್ರೆ.
ಸೂಜಿ ಚುಚ್ಚುವಾಗ ಮಾತಿರಲೆಂದು
ನನ್ನ ಕಡಲಿನ ಕಷ್ಟ ಹೇಳಿದೆ.
ಬಾಯಿಬಿಟ್ಟು ನಕ್ಕರು:
"ನಿನ್ ತೊಟ್ಟಿಗೂ ನಂದೇ ಕಾಯ್ಲೆನಾ, ಸಗುಪ್ತಮ್ಮ?
ಪಾಚಿ ಕಿತ್ರೆ ಹೋಗಲ್ಲ ಕಣವ್ವ.
ಮುಚ್ಚಳ ಎಲ್ಲಿ ಒಡ್ದದೆ ನೋಡು.
ಬಿಸ್ಲು ಎಲ್ಲಿಂದ ಬತ್ತದೆ, ಅನ್ನ ಎಲ್ಲಿಂದ ಬತ್ತದೆ, ಅದ ನೋಡು."

ಅರ್ಧ ದಿನ ರಜೆ ಹಾಕಿ ಬಂದು ನೋಡಿದೆ.
ಪಡುವಣ ಕಿಟಕಿಯ ಬಿಸಿಲು ಸೀದಾ ಗಾಜಿನೊಳಗೆ
ಕಾಲು ಚಾಚಿ ಕೂತಿತ್ತು.
ಪಕ್ಕದಲ್ಲಿ ಅತ್ತೆ, ಕೈಯಲ್ಲಿ ಮೀನಿನ ಕಾಳಿನ ಡಬ್ಬಿ:
ನಮಾಜು ಮುಗಿದಾಗೆಲ್ಲ ಒಂದು ಚಿಟಿಕೆ.
"ನನ್ನ ಕಂಡರೆ ಬಾಯಿ ತೆರೆಯುತ್ತೆ, ಪಾಪ."
ಮೀನು ಬಾಯಿ ಮುಚ್ಚಿದ್ದನ್ನು ಯಾರು ಕಂಡಿದ್ದಾರೆ!

ಕಿಟಕಿಗೆ ಪರದೆ. ತೊಟ್ಟಿಗೆ ಮೂರು ದಿನ ಕರಿ ಬೆಡ್‌ಶೀಟು.
ಡಬ್ಬಿ ಬೀರುವಿನೊಳಗೆ, ಬೀಗ.
ಅಡಿಗೆಮನೆಯ ಮೂಲೆಯಲ್ಲಿ ರಾತ್ರಿಯಿಡೀ ತೊಟತೊಟ.
ಫಾಸ್ಫೇಟು ಹೀರುವ ಕಂದು ಹರಳು, ಹೇಳಿದ್ದರ ಎರಡು ಪಟ್ಟು.
ಹತ್ತನೇ ವಾರ ಪರೀಕ್ಷೆಯ ನಳಿಕೆಯಲ್ಲಿ
ನೀಲಿಯ ಸುಳಿವೂ ಇಲ್ಲ. ಸೊನ್ನೆ!
ಪಾಚಿ ಬಿಳಿಚಿ ಕಳಚಿ ಬಂತು.
ಆ ಸಂತೋಷದಲ್ಲಿ ಎರಡು ದಿನ ನನಗೆ ಕಾಣಲಿಲ್ಲ
ಹವಳವೂ ಬಿಳಿಚುತ್ತಿದ್ದದ್ದು.

ಆ ಶನಿವಾರವೇ ಜವರಯ್ಯನವರ ರಿಪೋರ್ಟು.
ಫಾಸ್ಫರಸ್ಸು ನೆಲ ಕಚ್ಚಿದೆ, ತೂಕವೂ.
ಹೆದರಿ ಊಟವನ್ನೇ ಬಿಟ್ಟಿದ್ದರಂತೆ,
ಹದಿನೈದು ದಿನದಿಂದ ಬರೀ ಗಂಜಿ ತಿಳಿ.
ಡಾಕ್ಟರು ಗದರಿದರು: "ಸೊನ್ನೆ ಮಾಡಿ ಅಂತ ಯಾರು ಹೇಳಿದರು?
ಮೊಟ್ಟೆಯ ಬಿಳಿ ತಿನ್ನಿ, ದಿನಾ ಎರಡು."
ಮಂಚದ ಈ ಕಡೆ ನಿಂತಿದ್ದ ನಾನೂ
ತಲೆ ತಗ್ಗಿಸಿದೆ.

ಮನೆಗೆ ಹೋಗಿ ಅರ್ಧಕ್ಕರ್ಧ ಹರಳು ತೆಗೆದೆ.
ಡಬ್ಬಿಯನ್ನು ಅತ್ತೆಯ ಕೈಗೆ ವಾಪಸು ಕೊಟ್ಟೆ:
ಮಗ್ರಿಬ್ ಒಂದಕ್ಕೆ ಮಾತ್ರ,
ಚಿಟಿಕೆಯಲ್ಲೂ ಅರ್ಧ.

ಈಗ ತೂಕದ ಯಂತ್ರದ ಬಳಿ ದಿನಾ ಇದೇ ಮಾತು.
"ಎಷ್ಟು ಏರಿದೀರಿ?"
"ಎಲ್ಡು ಕೆಜಿ. ನಿಂದು?"
"ಬೆರಳಗಲ. ಪಂಪಿನ ಹಿಂದೆ."
"ಇರ್ಲಿ ಬಿಡು.
ಹುಳಕ್ಕೂ ಊಟ ಬ್ಯಾಡ್ವಾ."